ಸವಡಿಯ ಬೀಗರ ಹಾಲು

ಜನಾಭಿಪ್ರಾಯ ಎಂಬ ಮಾತನ್ನು ಈಗ ಪ್ರಚಾರದ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಹಳ ಸಲೀಸಾಗಿ ಆಡುತ್ತಾರೆ. ಅದು ಊರ ಹೊರಗೆ ಎಲ್ಲೋ ರಾಶಿ ಬಿದ್ದಿರುತ್ತದೆ, ಹೋಗಿ ಚೀಲದಲ್ಲಿ ತುಂಬಿಕೊಂಡು ಬಂದರಾಯಿತು ಎಂಬ ಹಾಗೆ. ನಾನೂ ಹಾಗೆಯೇ ತಿಳಿದು ಸೇರಿದವನು. ರೋಣದ ಸರಕಾರಿ ಕಚೇರಿಯಲ್ಲಿ ಪ್ರಚಾರ ಸಹಾಯಕನಾಗಿ ನಾನು ಸೇರಿದ್ದು ಐವತ್ತರ ದಶಕದಲ್ಲಿ, ನಾವಿನ್ನೂ ಮುಂಬೈ ರಾಜ್ಯದವರಾಗಿದ್ದಾಗ. ಆಮೇಲೆ ಯಾವ ಹುದ್ದೆಗೆ ಏರಿದೆ, ಎಲ್ಲಿಗೆ ವರ್ಗವಾಯಿತು ಎಂಬುದನ್ನು ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವಂಥದು ಏನೂ ಇಲ್ಲ. ಉಪಯೋಗಕ್ಕೆ ಬಂದೀತು ಅನ್ನಿಸುವುದು ಹಾಲಿನ ಪುಡಿಯ ಕಥೆ. ಅದನ್ನೇ ಹೇಳುತ್ತೇನೆ.

ಆಗ ಅಮೆರಿಕದಿಂದ ನಮ್ಮ ದೇಶಕ್ಕೆ ಏನೇನೋ ಬರುತ್ತಿದ್ದವು. ಗೋದಿ ಬರುತ್ತಿತ್ತು, ಔಷಧ ಬರುತ್ತಿತ್ತು, ಸಾಲಿ ಕಲಿಯುವ ಮಕ್ಕಳಿಗೆಂದು ರಟ್ಟಿನ ಪೀಪಾಯಿಗಳಲ್ಲಿ ಹಾಲಿನ ಪುಡಿ ಬರುತ್ತಿತ್ತು. ಕೊಡುವವರಿಗೆ ತಾವು ಕೊಟ್ಟದ್ದನ್ನು ಜನ ಮೆಚ್ಚಿದರೋ ಇಲ್ಲವೋ ತಿಳಿಯುವ ಆಸೆ. ಮೆಚ್ಚಿದ್ದಾರೆ ಎಂದು ತೋರಿಸುವ ಆತುರ ನಮ್ಮ ಮೇಲಿನವರಿಗೆ. ಈ ಆಸೆಗೂ ಆತುರಕ್ಕೂ ನಡುವೆ ಸೈಕಲ್ ತುಳಿಯುವವನು ನಾನು. ನರಗುಂದದಿಂದ ಗಜೇಂದ್ರಗಡದವರೆಗೆ ಹಳ್ಳಿ ಹಳ್ಳಿ ತಿರುಗಿ, ಪರದೇಶದ ನೆರವಿನ ಮಹತ್ವ ತಿಳಿಸಿ ಹೇಳಿ, ಜನ ಏನೆನ್ನುತ್ತಾರೆಂದು ಕೇಳಿಕೊಂಡು ಬರಬೇಕು. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು, ನಾನು ಸೈಕಲ್ಲಿನ ಮೇಲೆ ಕೂತದ್ದಕ್ಕಿಂತ ಅದು ನನ್ನ ಹೆಗಲ ಮೇಲೆ ಕೂತದ್ದೇ ಹೆಚ್ಚು.

ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರು. ಕೋಟು, ಟೊಪ್ಪಿಗೆ, ಎಲೆ ಅಡಿಕೆ. ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಚಹಾ ಬರುವಷ್ಟರಲ್ಲಿ ಇಳಿದಿರುತ್ತಿತ್ತು. ನಾನು ತಿರುಗಾಟ ಮುಗಿಸಿ ಬಂದ ಕೂಡಲೆ ಅವರದು ಒಂದೇ ಪ್ರಶ್ನೆ:

"ಜನ ಏನಂತಾರ? ಪರ ಇದ್ದಾರೋ, ವಿರೋಧ ಇದ್ದಾರೋ?"

ಈ ಎರಡರಲ್ಲಿ ಒಂದನ್ನು ಹೇಳಬೇಕು. ಮೂರನೆಯ ಉತ್ತರ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕಡೆಯ ಜನವೋ, ಯಾವುದಕ್ಕೂ ಆ ಎರಡರಲ್ಲಿ ಒಂದು ಉತ್ತರ ಕೊಟ್ಟವರಲ್ಲ.

ಮೊದಲ ಪೆಟ್ಟು ಬಿದ್ದದ್ದು ನರಗುಂದದಲ್ಲಿ. ನನಗೆ ಕಚೇರಿಯಿಂದ ಅಮೆರಿಕದ ದೊಡ್ಡ ದೊಡ್ಡ ಬಣ್ಣದ ಚಿತ್ರಗಳನ್ನು ಕೊಟ್ಟಿದ್ದರು. ಅದರಲ್ಲಿ ಒಂದು ಆಕಳಿನ ಚಿತ್ರ. ಕೆಚ್ಚಲು ಇಷ್ಟಗಲ, ನೆಲ ಮುಟ್ಟುತ್ತೇನೋ ಅನ್ನುವ ಹಾಗೆ. ದಲಾಲರ ಅಡತಿ ಅಂಗಡಿಯ ಮುಂದೆ ಹತ್ತಿ ಮಾರಲು ಬಂದ ರೈತರು ಕೂತಿದ್ದರು. ನಾನು ಚಿತ್ರ ಗೋಡೆಗೆ ಆನಿಸಿ, ಇಂಥ ಆಕಳುಗಳ ಹಾಲನ್ನು ಪುಡಿ ಮಾಡಿ ಸಮುದ್ರದ ಆಚೆಯಿಂದ ನಮ್ಮ ಮಕ್ಕಳಿಗಾಗಿ ಕಳಿಸುತ್ತಾರೆ ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದೆ. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ಭಾಷಣ ನಾಟಿತು ಎಂದು ನಾನು ಉಬ್ಬಿದೆ. ಮುಂದೆ ಕೂತಿದ್ದ ಮುದುಕ ರೈತನೊಬ್ಬ ಎದ್ದು ಚಿತ್ರದ ಹತ್ತಿರ ಬಂದ, ಆಕಳಿನ ಬೆನ್ನ ಮೇಲೆ ಬೆರಳಾಡಿಸಿದ.

"ಸಾಹೇಬ್ರ, ಇದಕ್ಕ ಡುಬ್ಬಾನ ಇಲ್ಲಲ್ರಿ?"

"ಅಲ್ಲಿ ಆಕಳಿಗೆ ಡುಬ್ಬ ಇರೂದಿಲ್ಲಜ್ಜಾ."

"ಹಂಗಾರ ಹೋರಿಗೂ ಇರಾಕಿಲ್ಲ. ನೊಗಾ ಎಲ್ಲೆ ಇಡತಾರ?"

ಈ ಪ್ರಶ್ನೆ ನನಗೆ ಕಲಿಸಿಕೊಟ್ಟ ಪಾಠದಲ್ಲಿ ಇರಲಿಲ್ಲ. ಇಡೀ ಗುಂಪು ಚರ್ಚೆಗೆ ಬಿತ್ತು. ಡುಬ್ಬ ಇಲ್ಲದ ಮೇಲೆ ನೊಗ ಜಾರುತ್ತದೆ, ನೊಗ ಜಾರಿದರೆ ಬಿತ್ತಿಗೆ ಹೇಗೆ? ಅದಕ್ಕೇ ಪಾಪ ಆ ಜನ ಯಂತ್ರ ಮಾಡಿಕೊಂಡಿದ್ದಾರೆ ಎಂದು ತೀರ್ಮಾನವಾಯಿತು. ಎಲ್ಲರೂ ಅಮೆರಿಕದವರ ಬಗ್ಗೆ ಮರುಕಪಟ್ಟರು. ನಾನು ಹೋದದ್ದು ಅಮೆರಿಕದ ದೊಡ್ಡತನ ಹೇಳಲಿಕ್ಕೆ, ಬಂದದ್ದು ಅವರಿಗೆ ನರಗುಂದದ ಅನುಕಂಪ ಗಿಟ್ಟಿಸಿಕೊಂಡು.

ಅಡತಿ ಅಂಗಡಿಯ ಯಜಮಾನರು ಮಾತ್ರ ನಗಲಿಲ್ಲ. ಗಾದಿಯ ಮೇಲೆ ಕೂತವರು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಆಕಳಾ ಇರ್ಲಿ ಬಿಡ್ರಿ. ಇಷ್ಟ ದೂರದಿಂದ ಕೊಟ್ಟ ಕಳಸೋರು ಏನರ ಬಯಸಿ ಕೊಡತಾರ. ಅವ್ರು ಏನ ಬಯಸ್ಯಾರ? ಅದನ್ನ ಮೊದಲ ಹೇಳ್ರಿ, ಆಮ್ಯಾಲೆ ನಾ ಛಲೋ ಅಂತೀನೋ ಕೆಟ್ಟ ಅಂತೀನೋ ಹೇಳ್ತೀನಿ."

ನಾನು ಇದನ್ನು ಇದ್ದ ಹಾಗೆ ವರದಿ ಮಾಡಿದೆ. ದೇಸಾಯಿ ಸಾಹೇಬರು ಓದಿ ಕೆಂಪಾದರು. "ಇದು ಅಭಿಪ್ರಾಯ ಅಲ್ಲ, ಅಧಿಕಪ್ರಸಂಗ. ನಿಮ್ಮನ್ನ ಕಳಸಿದ್ದು ಉತ್ತರಾ ತರಲಿಕ್ಕೆ, ಪ್ರಶ್ನೆ ತರಲಿಕ್ಕಲ್ಲ" ಎಂದು ಗುಡುಗಿದರು. ಚಹಾ ಬಂತು. ಕುಡಿಯುತ್ತ, "ಆದ್ರೂ ಆ ಮನಷ್ಯಾ ಕೇಳಿದ್ದು ಖರೇನ ಅದ" ಅಂದರು.

ಗಜೇಂದ್ರಗಡದಲ್ಲಿ ನಾನು ಚಿತ್ರ ಒಯ್ಯಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಅಲ್ಲಿ ಓಣಿಗೆ ಹೋದರೆ ಮನೆಮನೆಯಿಂದ ಮಗ್ಗದ ಸಪ್ಪಳ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ ಒಬ್ಬ ನೇಕಾರರ ಹತ್ತಿರ ಕೂತೆ. ಅವರು ಕೈ ನಿಲ್ಲಿಸದೆ ನನ್ನ ಮಾತು ಪೂರ್ತಿ ಕೇಳಿದರು. ಹಾಲಿನ ಪುಡಿ, ಗೋದಿ, ಔಷಧ ಎಲ್ಲದಕ್ಕೂ "ಛಲೋ ಆತ್ರಿ, ಛಲೋ ಆತ್ರಿ" ಅನ್ನುತ್ತಿದ್ದರು. ಇಲ್ಲಿ ಗೆದ್ದೆ ಎಂದು ಏಳುವಾಗ ಲಾಳಿ ಹಿಡಿದು ನಿಲ್ಲಿಸಿದರು.

"ಒಂದ ಮಾತು ಮ್ಯಾಲೆ ತಿಳಸ್ತೀರೇನ್ರಿ? ಹಾಲ ಕಳಸ್ಲಿ, ಗೋದಿ ಕಳಸ್ಲಿ. ಸೀರಿ ಮಾತ್ರ ಕಳಸಬ್ಯಾಡ್ರಂತ ಹೇಳ್ರಿ. ಅವ್ರು ಪುಕ್ಕಟ ಸೀರಿ ಕಳಸಾಕ ಹತ್ತಿದ್ರ ನಮ್ಮ ಓಣಿ ಎಲ್ಲಾ ಕುಣಿಯಿಂದ ಎದ್ದ ಹೊರಗ ಕುಂಡ್ರಬೇಕಾಗತೈತಿ."

ಅವರ ಹೆಂಡತಿ ಒಳಗಿನಿಂದ ಕೂಗಿದರು: "ಪುಡಿ ಮಾಡಿ ಕಳಸಿದ್ರ ಕಳಸ್ಲಿ ಅನ್ರಿ! ನೀರಾಗ ಕಲಸಿ ಉಟಕೊಂತೀವಿ!"

ಮಗ್ಗದ ಮನೆ ನಗೆಯಿಂದ ತುಂಬಿಹೋಯಿತು. ಆದರೆ ಅವರ ಮಾತಿನಲ್ಲಿ ನಗೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಪರವೋ ವಿರೋಧವೋ ಎಂದರೆ ನಾನು ಏನು ಹೇಳಲಿ? ಹಾಲಿಗೆ ಪರ, ಸೀರೆಗೆ ವಿರೋಧ ಎಂದು ಬರೆದು ಕೊಟ್ಟೆ. ದೇಸಾಯಿ ಸಾಹೇಬರು, "ಸೀರಿ ಸುದ್ದಿ ಯಾರು ತಗದಿದ್ರು?" ಎಂದು ತಲೆ ಹಿಡಿದುಕೊಂಡರು.

ಈಗ ಸವಡಿಗೆ ಬರುತ್ತೇನೆ. ರೋಣ ತಾಲೂಕಿನ ಈ ಊರಿನ ಸಾಲಿಯಲ್ಲಿ ಹಾಲಿನ ಕೇಂದ್ರ ತೆರೆಯಬೇಕೆಂದು ಆಯಿತು. ಮೊದಲು ಕಚೇರಿಯಲ್ಲಿ ಹಾಲು ಕಲಸುವ ತರಬೇತಿ. ದೇಸಾಯಿ ಸಾಹೇಬರು ಅಂಗಿಯ ತೋಳು ಮಡಿಸಿ, ಕುದಿಯುವ ನೀರಿಗೆ ಪುಡಿ ಸುರಿದು, ಚಮಚದಿಂದ ತಿರುವಿದರು. ಹಾಲಾಗುವ ಬದಲು ಗಂಟು ಗಂಟಾಗಿ ತೇಲಿತು. ಕಚೇರಿಯವರೆಲ್ಲ ಆ ಗಂಟುಗಳನ್ನು ಪೇಢೆಯ ಹಾಗೆ ತಿಂದು ಮುಗಿಸಿದೆವು. ಕೊನೆಗೆ ಸಾಹೇಬರ ಮನೆಯಿಂದಲೇ ಉಪಾಯ ಬಂತು. ಆರಿದ ನೀರಿನಲ್ಲಿ ಮೊದಲು ಹಿಟ್ಟಿನಂತೆ ನಾದಿ, ಆಮೇಲೆ ನೀರು ಬೆರೆಸಿ, ಮಜ್ಜಿಗೆ ಕಡೆಯುವ ಕಡಗೋಲಿನಿಂದ ಕಡೆಯಬೇಕು. ನೊರೆ ಎದ್ದು ನೋಡಲಿಕ್ಕೂ ಅಂದ. ಆ ಮೇಲೆ ನಮ್ಮ ಎಲ್ಲ ಕೇಂದ್ರಗಳಲ್ಲೂ ಕಡಗೋಲೇ ಕೆಲಸ ಮಾಡಿತು.

ಹಾಲು ಸರಿಹೋಯಿತು, ಸುದ್ದಿ ಮುಟ್ಟಿಸುವುದು ಕೆಟ್ಟಿತು. ಊರಿಗೆಲ್ಲ ತಿಳಿಯಲಿ ಎಂದು ಸಾಹೇಬರು ಡಂಗುರ ಸಾರಿಸಲು ಅಪ್ಪಣೆ ಮಾಡಿದರು. ಚಾವಡಿಯ ವಾಲೀಕಾರ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿ, "ಸಾಲ್ಯಾಗ ಪುಕ್ಕಟ ಹಾಲ ಕೊಡತಾರೋ, ಕೇಳ್ರಪ್ಪೋ ಕೇಳ್ರಿ" ಎಂದು ಕೂಗಿದ. ಮರುದಿನ ಬೆಳಿಗ್ಗೆ ನಾನು, ಸಾಲಿಯ ಹಿರೇಮಠ ಮಾಸ್ತರರು, ನೊರೆಯೆದ್ದ ಹಾಲಿನ ದೊಡ್ಡ ಹಂಡೆ, ಮೂವರೂ ಕಾದೆವು. ಮಕ್ಕಳು ಸಾಲಿಗೆ ಬಂದರು, ಹಾಲಿನ ಸಾಲಿಗೆ ಬರಲಿಲ್ಲ. ಮಾಸ್ತರರ ಸ್ವಂತ ಮಕ್ಕಳು ಮಾತ್ರ ಕುಡಿದರು, ಅದೂ ಅಪ್ಪ ಕಣ್ಣು ಬಿಟ್ಟದ್ದಕ್ಕೆ. ಎರಡನೆಯ ದಿನವೂ ಅದೇ ಕಥೆ.

"ಬಾಳವ್ವಾಯಿ ಬ್ಯಾಡಂದಾರ್ರಿ" ಎಂದು ಮಾಸ್ತರರು ಗುಟ್ಟು ಬಿಟ್ಟರು. "ಈ ಊರಾಗ ಹೆಣಮಕ್ಕಳ ಮಾತಂದ್ರ ಅವರ ಮಾತು. ಅವರು ಹೂಂ ಅನ್ನೂತನಕ ಒಂದ ಹುಡುಗೂ ಬಟ್ಟಲಾ ಹಿಡಿಯೂದಿಲ್ಲ."

ನಾನು ಬಾಳವ್ವನ ಮನೆಗೆ ಹೋದೆ. ಗಟ್ಟಿಮುಟ್ಟಾದ ಮುದುಕಿ, ಹಣೆಯ ತುಂಬ ವಿಭೂತಿ, ಕೂತಲ್ಲಿಂದಲೇ ಮನೆ, ಹೊಲ, ಓಣಿ ಮೂರನ್ನೂ ನಡೆಸುವವಳು. ಅವಳ ಮಗ್ಗುಲಲ್ಲಿ ಗೋಡೆಗೆ ಆತುಕೊಂಡು ಮೊಮ್ಮಗಳು ಗಂಗಿ ಕೂತಿದ್ದಳು. ತಾಯಿಯಿಲ್ಲದ ಕೂಸು. ಹೊಸದಾಗಿ ಸಾಲಿಗೆ ಹಾಕಿದ್ದರು. ಕೈಕಾಲು ಕಡ್ಡಿ, ಕಣ್ಣು ಮಾತ್ರ ಮುಖದ ತುಂಬ. ನನ್ನನ್ನು ಕಂಡರೆ ನಗುತ್ತಾಳೆ, ನಕ್ಕರೆ ದಣಿಯುತ್ತಾಳೆ. ಆ ಹುಡುಗಿಯನ್ನು ನೋಡಿದ ಮೇಲೆ ನನಗೆ ಪ್ರಚಾರ ಮರೆತುಹೋಯಿತು. ಅವಳಿಗೆ ಹಾಲು ಬೇಕಿತ್ತು, ಅಷ್ಟೇ.

"ಆಯೀ, ಕೂಸಿಗೆ ಹಾಲ ಕುಡಸ್ತೀರೋ ಇಲ್ಲೋ?" ಅಂದೆ.

"ರೋಣದ ದವಾಖಾನ್ಯಾಗ ಡಾಕ್ಟರ್ರೂ ಅದನ್ನ ಅಂದಾರ ತಮ್ಮಾ. ಎಮ್ಮಿ ಗಬ್ಬ ಐತಿ, ಹಾಲ ಕೊಡೂದ ಬಿಟ್ಟೈತಿ. ಮಗ್ಗಲ ಮನ್ಯಾಗಿಂದ ಒಂದ ವಾಟಗಾ ಸಿಕ್ಕರ ಸಿಕ್ಕಂಗ."

"ಸಾಲ್ಯಾಗ ಹಂಡೆ ತುಂಬ ಐತಲ್ರಿ!"

ಬಾಳವ್ವನ ಮುಖ ಬಿಗಿಯಿತು. "ತಮ್ಮಾ, ಡಂಗರಾ ಯಾವುದಕ್ಕ ಸಾರತಾರ? ದನಾ ಕಳದ್ರ ಸಾರತಾರ. ಯಾರದರ ಮನಿ ಲಿಲಾವ ಆದ್ರ ಸಾರತಾರ. ಹಿಂದ ಬರಾ ಬಿದ್ದಾಗ ಗಂಜಿ ಹಾಕತೀವಿ ಬರ್ರಿ ಅಂತ ಸಾರಿದ್ರು. ಆಗ ಹಸದಿದ್ವಿ, ನಾನೂ ಹೋಗಿ ನಿಂತಾಕಿ. ಈಗ ನಮ್ಮ ಹೊಲದಾಗ ಬೆಳಿ ಐತಿ. ಹಲಗಿ ಬಾರಿಸಿ ಪುಕ್ಕಟ ಕೊಡತೀವಿ ಅಂದ್ರ ನನ್ನ ಮೊಮ್ಮಗಳ್ನ ಹ್ಯಾಂಗ ಕಳಸ್ಲಿ?"

ತಪ್ಪು ಎಲ್ಲಿ ಆಯಿತೆಂದು ಆಗ ಹೊಳೆಯಿತು. ನಮ್ಮ ಕಡೆ ಕೊಡುವ ವಸ್ತುವನ್ನು ಸೆರಗಿನ ಮರೆಯಲ್ಲಿ, ಬುಟ್ಟಿಗೆ ಬಟ್ಟೆ ಮುಚ್ಚಿ, ಹಿತ್ತಲ ಬಾಗಿಲಿಂದ ಒಯ್ದು ಕೊಡುತ್ತಾರೆ. ನಾವೋ ಹಲಗೆ ಬಾರಿಸಿದ್ದೆವು. ಆದರೂ ವಾದ ಮಾಡುವ ವಯಸ್ಸು, ಸುಮ್ಮನಿರಲಿಲ್ಲ.

"ಇಟಗಿ ಭೀಮಮ್ಮನ ಗುಡಿಗೆ ಹೋದಾಗ ದಾಸೋಹದಾಗ ಉಣ್ಣೂದಿಲ್ಲೇನ್ರಿ? ಅದೂ ಪುಕ್ಕಟನ ಅಲ್ಲೇನು?"

"ಯಾಂವ ಹೇಳಿದಾಂವ?" ಎಂದು ಎದ್ದೇಬಿಟ್ಟಳು. "ಅಲ್ಲೆ ಉಣ್ಣಾಕ ಹೋಗುವಾಗ ಜ್ವಾಳಾ ಹೊತ್ತೊಯ್ತೀವಿ. ಉಂಡು ಪಾತ್ರಿ ತಿಕ್ಕಿ ಬರತೀವಿ. ಮಗ್ಗಲ ಮನಿಯಾಕಿ ಬುಟ್ಟಿ ತುಂಬ ರೊಟ್ಟಿ ಕೊಟ್ರ ಆ ಬುಟ್ಟಿ ಬರಿದಾಗಿ ತಿರುಗಿ ಕೊಡತೀವೇನು? ಏನೂ ಇಲ್ದಿದ್ರ ಒಂದ ಹಿಡಿ ಜ್ವಾಳಾ, ಒಂದ ಚೂರ ಬೆಲ್ಲಾ ಹಾಕಿ ಕೊಡತೀವಿ. ನಿನ್ನ ಅಮೆರಿಕಾಕ್ಕ ಏನ ಹಾಕಿ ಕೊಡ್ಲಿ? ಹ್ಯಾಂಗ ಒಯ್ದ ಕೊಡ್ಲಿ? ಅವ್ರು ಯಾರು, ಎಲ್ಲಿ ಅದಾರ, ನನಗೇನ ಗೊತ್ತು?"

ನರಗುಂದದ ಯಜಮಾನರು ಕೇಳಿದ್ದನ್ನೇ ಈಕೆ ಬೇರೆ ಬಾಗಿಲಿಂದ ಕೇಳುತ್ತಿದ್ದಳು. ಅವರಿಗೆ ಕೊಡುವವರು ಏನು ಕೇಳಿಯಾರೋ ಎಂಬ ಅನುಮಾನ. ಈಕೆಗೆ, ಕೇಳದೆಯೇ ಕೊಡಬೇಕಾದದ್ದನ್ನು ಕೊಡಲಾಗದ ಸಂಕಟ. ಹೊರಡುವಾಗ ಗಂಗಿ ಬಾಗಿಲವರೆಗೆ ಬಂದು, "ಹಾಲು ಸಿಹಿ ಇರತೈತೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನನಗೆ ಬಹಳ ಕೆಟ್ಟದೆನಿಸಿತು.

ರೋಣಕ್ಕೆ ಬಂದರೆ ದೇಸಾಯಿ ಸಾಹೇಬರು ಚಹಾ ಬಂದರೂ ತಣ್ಣಗಾಗದ ಸ್ಥಿತಿಯಲ್ಲಿದ್ದರು. ಮಕ್ಕಳು ಕುಡಿಯದ ಕೇಂದ್ರಗಳನ್ನು ಮುಚ್ಚಿ ಪೀಪಾಯಿಗಳನ್ನು ಬೇರೆ ತಾಲೂಕಿಗೆ ಕಳಿಸಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ಅದಕ್ಕೆ ಮುಂಚೆ ಕೊಡುವವರ ಕಡೆಯಿಂದ ಒಬ್ಬ ಅಮೆರಿಕದ ಹೆಣ್ಣುಮಗಳು ತಾವೇ ನೋಡಲು ಬರುವವರಿದ್ದರು. ನೋಡಲು ಆರಿಸಿದ ಊರು ಯಾವುದು? ಸವಡಿ.

"ನಮ್ಮ ನಸೀಬ ನೋಡ್ರಿ" ಅಂದರು ಸಾಹೇಬರು. "ಲಕ್ಕಲಕಟ್ಟಿಯೊಳಗ ಹುಡುಗ್ರು ಹಂಡೆ ನೆಕ್ಕಲಿಕ್ಕೆ ಹತ್ಯಾರ. ಅಲ್ಲಿಗೆ ಬರಬಾರದಾಗಿತ್ತೇನು?"

ನನಗೆ ಮಾತ್ರ ಒಳಗೊಳಗೇ ಖುಷಿಯಾಯಿತು. ಸೈಕಲ್ ತಿರುಗಿಸಿ ನೇರ ಬಾಳವ್ವನ ಮನೆಗೆ ಹೋದೆ.

"ಆಯೀ, ಅಮೆರಿಕಾಕ್ಕ ಹ್ಯಾಂಗ ಒಯ್ಯೂದು ಅಂದ್ರೆಲ್ಲ. ನೀವು ಒಯ್ಯೂದ ಬ್ಯಾಡ. ಅಮೆರಿಕಾನ ಸವಡಿಗೆ ಬರಾಕತ್ತೈತಿ."

"ಹಾಲ ಕಳಿಸಿದವ್ರ?"

"ಅವರ ಕಡಿಯವ್ರ. ಒಬ್ಬ ಹೆಣಮಗಳು, ಬಾಯಾರು."

ಬಾಳವ್ವ ಹಿತ್ತಲ ಕಡೆ ತಿರುಗಿ ಮಗ್ಗುಲ ಮನೆಯಾಕೆಯನ್ನು ಓಣಿಗೆ ಕೇಳುವ ಹಾಗೆ ಕೂಗಿದಳು: "ಏ ನೀಲವ್ವಾ, ಶೇಂಗಾ ಹುರಿಯಾಕ ಇಡಬೇ!"

ಅಂದಿನಿಂದ ಬಾಯಾರು ಬರುವವರೆಗೆ ಸವಡಿಯ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ.

ಬಾಯಾರು ಜೀಪಿನಲ್ಲಿ ಬಂದರು. ಎತ್ತರದ ಆಳು, ನಡುವಯಸ್ಸು ದಾಟಿತ್ತು, ಬಿಸಿಲಿಗೆ ಮೂಗು ಕೆಂಪಗಾಗಿತ್ತು. ಅವರ ಇಂಗ್ಲಿಷನ್ನು ಕನ್ನಡಕ್ಕೆ, ಊರವರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ದೇಸಾಯಿ ಸಾಹೇಬರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಗಾಬರಿಯಲ್ಲಿ ಅದು ಅವರನ್ನು ಬಿಟ್ಟು ಹೋಗಿತ್ತು. ನನಗೆ ಬರುತ್ತಿದ್ದುದೇ ಅಷ್ಟಕ್ಕಷ್ಟೇ, ಹೋಗಲಿಕ್ಕೆ ಏನೂ ಇರಲಿಲ್ಲ.

ಸಾಲಿಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಒಂದು ಕಡೆ ಹಾಲಿನ ಹಂಡೆ, ಮೇಜಿನ ಮೇಲೆ ತುಂಬಿಟ್ಟ ಬಟ್ಟಲುಗಳು. ಮಕ್ಕಳು ದೂರದಲ್ಲೇ ನಿಂತಿದ್ದರು. ಗಂಗಿ ಅಜ್ಜಿಯ ಸೆರಗು ಹಿಡಿದು ಮುಂದೆ ನಿಂತಿದ್ದಳು. ಬಾಯಾರು ಬಟ್ಟಲುಗಳನ್ನು ನೋಡಿದರು, ಮಕ್ಕಳನ್ನು ನೋಡಿದರು, ಏನೋ ಸರಿಯಿಲ್ಲ ಎಂದು ಅವರಿಗೆ ತಿಳಿಯಿತು. ಅಷ್ಟರಲ್ಲಿ ಬಾಳವ್ವ ದೊಡ್ಡ ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಅವರ ಮುಂದೆ ಚಾಚಿದಳು. ಮೇಲೆ ಮಡಿಯ ಬಟ್ಟೆ. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಗಂಟು ಬಿಳಿ ಜೋಳ, ಬೆಲ್ಲ.

"ತಗೋರಿ ಯವ್ವಾ. ನಿಮ್ಮ ಊರಿಗೆ ಒಯ್ರಿ" ಅಂದಳು.

ಬಾಯಾರು ನಕ್ಕು, ಎರಡೂ ಕೈ ಜೋಡಿಸಿ, ತಲೆ ಅಲ್ಲಾಡಿಸಿದರು. ನೆರವು ಪಡೆಯುವ ಊರಿನಿಂದ ತಾವು ಏನನ್ನೂ ತೆಗೆದುಕೊಳ್ಳಬಾರದು, ಇದು ತಮ್ಮ ಸಂಸ್ಥೆಯ ನಿಯಮ, ಇದನ್ನು ಇಲ್ಲಿಯ ಮಕ್ಕಳಿಗೇ ಹಂಚಿರಿ ಎಂದು ಬಹಳ ನಯವಾಗಿ ಹೇಳಿದರು. ನಾನು ಅದನ್ನು ಇನ್ನಷ್ಟು ನಯ ಮಾಡಿ ಕನ್ನಡದಲ್ಲಿ ಹೇಳಿದೆ. ಎಷ್ಟು ನಯ ಮಾಡಿದರೂ ಬೇಡ ಎಂಬುದು ಬೇಡವೇ ಆಗಿತ್ತು.

ಬಾಳವ್ವ ಬುಟ್ಟಿ ಹಿಂದಕ್ಕೆ ಎಳೆದುಕೊಂಡಳು. ಕೂಗಾಡಲಿಲ್ಲ. ಸಾವಕಾಶವಾಗಿ, ಮಾತು ಮಾತೂ ಬಿಡಿಸಿ ಹೇಳಿದಳು:

"ನೀವು ಕೊಟ್ರ ನಾವು ತಗೋಬೇಕು. ನಾವು ಕೊಟ್ರ ನೀವು ತಗೊಳ್ಳೂದಿಲ್ಲ. ಹಂಗಾರ ನಾವು ನಿಮ್ಮ ಬಾಗಲಾಗ ಕೈ ಒಡ್ಡಿ ನಿಂತವ್ರು ಅಂದಂಗ ಆತು. ಸವಡಿಯವ್ರು ಇನ್ನೂ ಅಷ್ಟಕ್ಕ ಬಂದಿಲ್ಲ. ನಿಮ್ಮ ಹಾಲು ನಿಮಗ ಇರ್ಲಿ ಯವ್ವಾ. ಸಿಟ್ಟಿಲೆ ಹೇಳಾಕತ್ತಿಲ್ಲ. ಬಾರ ಗಂಗಿ."

ಬಾಯಾರು ನನ್ನ ಕಡೆ ನೋಡಿದರು, ಏನಂದರು ಎಂದು. ದೇಸಾಯಿ ಸಾಹೇಬರು ಬೆನ್ನ ಹಿಂದಿನಿಂದ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದರು: "ಅದನ್ನ ಹೇಳಬ್ಯಾಡ್ರಿ! ಊರ ಪರವಾಗಿ ಆಭಾರ ಮನ್ನಿಸಿದ್ರು ಅಂತ ಹೇಳ್ರಿ!"

ನಾನು ಬಾಳವ್ವ ಅಂದದ್ದನ್ನೇ ಹೇಳಿದೆ. ಇದರಲ್ಲಿ ನನ್ನ ಧೈರ್ಯ ಏನೂ ಇಲ್ಲ. ಇದ್ದದ್ದನ್ನು ಹೇಳುವುದಕ್ಕೇ ನನ್ನ ಇಂಗ್ಲಿಷ್ ಸಾಲುತ್ತಿರಲಿಲ್ಲ, ಸುಳ್ಳು ಹೊಸದಾಗಿ ಎಲ್ಲಿಂದ ಕಟ್ಟಲಿ? ಅಜ್ಜಿ ಗಂಗಿಯನ್ನು ಎಳೆದುಕೊಂಡು ಹೊರಟಿದ್ದಳು. ಹುಡುಗಿ ಹಿಂತಿರುಗಿ ಹಿಂತಿರುಗಿ ಬಟ್ಟಲುಗಳನ್ನು ನೋಡುತ್ತಿದ್ದಳು. ಇವತ್ತು ಈಕೆ ಕುಡಿಯದೆ ಹೋದರೆ ನಾಳೆ ಪೀಪಾಯಿ ಇಲ್ಲಿ ಇರುವುದಿಲ್ಲ ಎಂದು ನನಗೆ, ದೇಸಾಯಿ ಸಾಹೇಬರಿಗೆ ಮತ್ತು ಆ ಬಾಯಾರಿಗೆ ಮಾತ್ರ ಗೊತ್ತಿತ್ತು.

ಬಾಯಾರ ಮುಖ ಮೂಗಿಗಿಂತ ಕೆಂಪಾಯಿತು. ಆಮೇಲೆ ನನ್ನನ್ನು ಕೇಳಿದರು: "ಒಯ್ಯಬಾರದು ಎಂದು ನಿಯಮವಿದೆ. ಇಲ್ಲೇ ತಿನ್ನಬಾರದು ಎಂದು ಯಾರೂ ನನಗೆ ಹೇಳಿಲ್ಲ. ತಿನ್ನಬಹುದೇ, ಕೇಳಿ."

ನಾನು ಕೇಳಲಿಲ್ಲ, ಕೂಗಿದೆ: "ಆಯೀ, ನಿಂದ್ರರಿ! ಬಾಯಾರು ಇಲ್ಲೇ ಕುಂತು ಉಣ್ತಾರಂತ!"

ಮಾಸ್ತರರು ಕುರ್ಚಿ ತರಲು ಓಡಿದರು. ಅವರು ಬರುವಷ್ಟರಲ್ಲಿ ಬಾಯಾರು ಅಂಗಳದ ನೆಲದ ಮೇಲೆ ಕೂತುಬಿಟ್ಟಿದ್ದರು, ಉದ್ದ ಕಾಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ. ಬಾಳವ್ವ ತಿರುಗಿ ಬಂದಳು, ಎದುರು ಕೂತಳು, ಬುಟ್ಟಿ ಬಿಚ್ಚಿದಳು. ರೊಟ್ಟಿ ಕಟಂ ಎಂದು ಮುರಿದ ಸಪ್ಪಳ ಇಡೀ ಅಂಗಳಕ್ಕೆ ಕೇಳಿತು. ಬಾಯಾರು ಶೇಂಗಾ ಚಟ್ನಿಯನ್ನು ಹಲ್ವದ ಹಾಗೆ ಎತ್ತಿ ಬಾಯಿಗೆ ಹಾಕಿಕೊಂಡರು. ತಡೆಯಲು ನನಗೆ ಇಂಗ್ಲಿಷ್ ಸಮಯಕ್ಕೆ ಬರಲಿಲ್ಲ.

ಮೊದಲು ಕಣ್ಣು ಅಗಲವಾದವು, ಆಮೇಲೆ ನೀರಾದವು. ಉಸಿರು ಎಳೆದುಕೊಳ್ಳುತ್ತ ಸುತ್ತ ನೋಡಿದರು. ಕೈಗೆ ಹತ್ತಿರ ಇದ್ದದ್ದು ಮೇಜಿನ ಮೇಲಿನ ಹಾಲಿನ ಬಟ್ಟಲು. ಎತ್ತಿ ಗಟಗಟ ಕುಡಿದರು, ಇನ್ನೊಂದನ್ನೂ ಕುಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವರು ನಕ್ಕರು. ಬಾಯಾರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು, ಮತ್ತೆ ಇನ್ನೊಂದು ತುಂಡು ರೊಟ್ಟಿ ಮುರಿದರು. ಈ ಸಲ ಚಟ್ನಿ ಸೂಜಿಯ ತುದಿಯಷ್ಟು.

ಬಾಳವ್ವ ಅವರ ಬೆನ್ನು ನೀವುತ್ತ, "ಸಾವಕಾಶ ಯವ್ವಾ, ಸಾವಕಾಶ. ಬೆಲ್ಲಾ ತಿನ್ನರಿ" ಅನ್ನುತ್ತಿದ್ದಳು. ಆಮೇಲೆ ಎದ್ದಳು. ಮೇಜಿನ ಮೇಲಿನ ಒಂದು ಬಟ್ಟಲು ತೆಗೆದು, ಬೆರಳು ಅದ್ದಿ ರುಚಿ ನೋಡಿ, ಗಂಗಿಯ ಕೈಗೆ ಕೊಟ್ಟಳು.

"ಕುಡಿ. ಬೀಗರು ಕಳಸ್ಯಾರ" ಅಂದಳು.

ಗಂಗಿ ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಡದೆ ಕುಡಿದಳು. ಮೇಲ್ದುಟಿಗೆ ಬಿಳಿ ಮೀಸೆ ಬಂತು. "ಇನ್ನೀಟ ಕೊಡಬೇ ಆಯೀ" ಅಂದಳು. ಅಷ್ಟೇ ಸಾಕು, ಮಕ್ಕಳೆಲ್ಲ ಹಂಡೆಗೆ ಮುಗಿಬಿದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದ ನನ್ನನ್ನು ದೇಸಾಯಿ ಸಾಹೇಬರು ನೋಡಿದರು. ಚಟ್ನಿ ಖಾರ ಅಂದೆ. ನಾನು ಚಟ್ನಿ ಮುಟ್ಟಿಯೇ ಇರಲಿಲ್ಲ.

ರೋಣಕ್ಕೆ ಮರಳುವಾಗ ಸಾಹೇಬರು ರೂಢಿಯ ಪ್ರಕಾರ ಕೇಳಿದರು: "ಹಂಗಾದ್ರ ಜನ ಏನಂತಾರ? ಪರ ಅಂತ ಬರಕೊಳ್ಳಲೇನು?"

"ಪರಾನೂ ಅಲ್ಲ, ವಿರೋಧಾನೂ ಅಲ್ರಿ. ಬೀಗತನ ಆತ್ರಿ" ಅಂದೆ.

ಬರೆದುಕೊಳ್ಳಲಿಕ್ಕೆ ಅಂಥ ಜಾಗ ಇರಲಿಲ್ಲವಾದ್ದರಿಂದ ಅವರು ಪರ ಎಂದೇ ಬರೆದುಕೊಂಡರು.

ಬೀಗತನವೆಂದ ಮೇಲೆ ಅದರ ಜಂಜಾಟವೂ ಬರಬೇಕಲ್ಲ, ಬಂತು. ಅಲ್ಲಿಯವರೆಗೆ ಸರಕಾರದ ಹಾಲು ಎಂದು ಮೂಗು ಮುರಿಯುತ್ತಿದ್ದವರು ಈಗ ಬೀಗರ ಹಾಲು ಎಂದು ಮೂಗು ಮುರಿಯತೊಡಗಿದರು. ನಾನು ಸವಡಿಗೆ ಹೋದಾಗಲೆಲ್ಲ ಬಾವಿಯ ಹತ್ತಿರ ಹೆಣ್ಣುಮಕ್ಕಳು ಅಡ್ಡಗಟ್ಟುವರು. "ಏನ್ರಿ, ನಿಮ್ಮ ಬೀಗರು ಈ ಸಲ ಕೈ ಬಿಗಿ ಹಿಡದಾರ, ಹಾಲಿಗೆ ಜಿಡ್ಡ ಇಲ್ಲ." "ಏನ್ರಿ, ಆ ಬಾಯಾರು ಮತ್ತ ಯಾವಾಗ ಬರತಾರ? ಈ ಸಲ ಸಪ್ಪನ್ನ ಚಟ್ನಿ ಮಾಡೂಣು." ಬೈಗುಳ ಕೇಳಿ ನಾನು ಹಿಗ್ಗುತ್ತಿದ್ದೆ. ಮೊದಲು ಮೌನವಾಗಿ ದೂರ ನಿಂತಿದ್ದವರು ಈಗ ಹಕ್ಕಿನಿಂದ ಜಗಳಾಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ: ಜನ ನಿಮ್ಮನ್ನು ಹೊಗಳಿದರೆ ಇನ್ನೂ ಒಮ್ಮೆ ಆ ಊರಿಗೆ ಹೋಗಿ ಬನ್ನಿರಿ. ತಕರಾರು ತೆಗೆದರೆ ಚಹಾ ಕುಡಿದು ಆರಾಮಾಗಿ ಕೂಡ್ರಿರಿ.

ಗಂಗಿ ತುಂಬಿಕೊಂಡಳು. ಗೋಡೆ ಬಿಟ್ಟು ಎದ್ದಳು, ಓಡಿದಳು, ಮರ ಹತ್ತಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದಳು. ಆ ಪೆಟ್ಟಿನ ಸುದ್ದಿಯನ್ನು ಬಾಳವ್ವ ನನಗೆ ಎಷ್ಟು ಸಂಭ್ರಮದಿಂದ ಹೇಳಿದಳೆಂ‍ದರೆ ಬಹುಮಾನ ಬಂದ ಹಾಗೆ.

ಮುಂದೆ ನಾವು ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಕಾಗದಪತ್ರ ಯಾವ ಕಚೇರಿಗೆ ಹೋಗಬೇಕೆಂದು ಯಾರಿಗೂ ತಿಳಿಯದ ಆ ಗದ್ದಲದಲ್ಲಿ ಹಾಲಿನ ಪೀಪಾಯಿಗಳು ಬರುವುದು ನಿಂತಿತು. ವಾರಗಳು ಉರುಳಿದವು, ಸುದ್ದಿಯಿಲ್ಲ. ಊರೂರಿನಿಂದ ಜನ ಬಂದು ಸರಕಾರಕ್ಕೆ ಏನಾಗಿದೆ ಎಂದು ಕೇಳಿ ಹೋಗುತ್ತಿದ್ದರು. ದೇಸಾಯಿ ಸಾಹೇಬರು ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದರು: ರಾಜ್ಯ ಬದಲಾಗಿದೆ, ಪತ್ರವ್ಯವಹಾರ ನಡೆದಿದೆ, ತಾಳ್ಮೆ ಇರಲಿ.

ಒಂದು ಸಂತೆಯ ದಿನ ಬಾಳವ್ವ ಗಂಗಿಯ ಕೈ ಹಿಡಿದು ಕಚೇರಿಯೊಳಗೆ ಬಂದಳು. ಸಾಹೇಬರು ಜಗಳಕ್ಕೆ ಸಿದ್ಧರಾಗಿ ಟೊಪ್ಪಿಗೆ ಸರಿಮಾಡಿಕೊಂಡು, "ರಾಜ್ಯ ಬದಲಾಗೇದ ಆಯಿ, ಪತ್ರವ್ಯವಹಾರ..." ಎಂದು ಶುರುಮಾಡಿದರು. ಅವಳು ಕೈ ಎತ್ತಿ ನಿಲ್ಲಿಸಿದಳು. ಸಾಹೇಬರನ್ನು ಬಿಟ್ಟು ನನ್ನ ಹತ್ತಿರ ಬಂದು, ಮನೆಯ ಮಾತನ್ನು ಹೊರಗಿನವರ ಎದುರು ಆಡಬೇಕಾಯಿತಲ್ಲ ಎಂಬ ಸಂಕೋಚದಲ್ಲಿ ದನಿ ತಗ್ಗಿಸಿದಳು.

"ತಮ್ಮಾ, ಹಾಲ ಬರೂದು ನಿಂತೈತಿ. ಅದರ ಚಿಂತಿಲ್ಲ, ನಮ್ಮ ಎಮ್ಮಿ ಈದೈತಿ. ಬೀಗರು ಆರಾಮ ಅದಾರೋ ಇಲ್ಲೋ ಅದನ್ನ ಹೇಳು. ಅವರಲ್ಲೆ ಮಳಿ ಬೆಳಿ ಹ್ಯಾಂಗ ಐತಿ ಅಂತ ಒಂದ ಪತ್ರಾ ಬರದ ಕೇಳು. ಏನರ ತ್ರಾಸ ಬಂದಿದ್ರ ನಾಚಗೋಬ್ಯಾಡ್ರಂತ ತಿಳಸು. ಸವಡ್ಯಾಗ ಈ ವರ್ಷ ಜ್ವಾಳಾ ಭಾಳ ಛಲೋ ಬಂದಾವು."